ಎರಡನೇ ಭೇಟಿಯ ಬೆಲೆ

ಪ್ರೀತಿಯ ತಂಗಿಗೆ,

ಬೆಂಗಳೂರಿನ ಲಗ್ಗೆರೆಯಲ್ಲಿ ಸ್ವಂತವಾಗಿ ಲ್ಯಾಕ್ಟೇಶನ್ ಕನ್ಸಲ್ಟೆಂಟ್ ಕೆಲಸ ಶುರುಮಾಡುತ್ತಿದ್ದೀಯ. ಬಾಣಂತಿಯ ಮನೆಗೆ ಹೋಗಿ ಮಗುವಿಗೆ ಎದೆಹಾಲು ಕುಡಿಸುವುದನ್ನು ಹೇಳಿಕೊಡುವ ಕೆಲಸ. ತೊಟ್ಟು ಒಡೆದವರ, ಹಾಲು ಕಟ್ಟಿಕೊಂಡವರ, ಹಾಲು ಸಾಲುತ್ತಿಲ್ಲ ಎಂದು ಕಣ್ಣೀರು ಹಾಕುವವರ ಪಕ್ಕ ತಾಳ್ಮೆಯಿಂದ ಕೂರುವ ಕೆಲಸ. ಮಗುವಿನ ಬಾಯಿ ಎದೆಗೆ ಹೇಗೆ ಹತ್ತಬೇಕು ಎಂಬುದನ್ನು ನಿನಗೆ ಕಲಿಸಿದವರಿದ್ದಾರೆ. ಫೀಸು ಎಷ್ಟು ಕೇಳಬೇಕು, ಯಾವಾಗ ಹೇಳಬೇಕು, ಯಾರಿಗೆ ಬಿಡಬೇಕು ಎಂಬುದನ್ನು ಕೂರಿಸಿಕೊಂಡು ಹೇಳುವವರು ಕಡಿಮೆ. ನಿನ್ನಂತೆ ಪೀಣ್ಯ, ರಾಜಗೋಪಾಲನಗರ, ಹೆಗ್ಗನಹಳ್ಳಿ ಕಡೆ ಇದೇ ಹೊತ್ತಿನಲ್ಲಿ ಇದೇ ಕೆಲಸಕ್ಕೆ ಇಳಿಯುವ ಹೆಣ್ಣುಮಕ್ಕಳಿಗೂ ಸಲ್ಲಲಿ ಎಂದು ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಫೀಸು ಸರಿಯೋ ತಪ್ಪೋ ಎಂದು ತೂಗಲು ನಾನು ಒಂದೇ ಅಳತೆ ಇಟ್ಟುಕೊಳ್ಳುತ್ತೇನೆ. ಆ ಫೀಸು ಎರಡನೇ ಭೇಟಿಗೆ ಅಡ್ಡ ಬರುತ್ತದೆಯೇ, ಇಲ್ಲವೇ? ತಾಯಿ ನಿನ್ನನ್ನು ಇನ್ನೊಮ್ಮೆ ಕರೆಯಲು ಹಿಂಜರಿಯುವಷ್ಟು ಅದು ಹೆಚ್ಚಿರಬಾರದು. ನೀನು ಇನ್ನೊಮ್ಮೆ ಹೋಗಲು ಹಿಂಜರಿಯುವಷ್ಟು ಕಡಿಮೆಯೂ ಇರಬಾರದು.

ಎರಡನೇ ಭೇಟಿಗೇ ಯಾಕೆ ಇಷ್ಟು ತೂಕ ಕೊಡುತ್ತೇನೆ ಎಂದು ಕೇಳಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ತೆರೆದು ನೋಡು. ದೇಶದಲ್ಲಿ ನೂರಕ್ಕೆ 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗಿವೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕ ಮಕ್ಕಳು ಮಾತ್ರ 41.8ರಷ್ಟು. ಆರು ತಿಂಗಳೊಳಗಿನ ಮಕ್ಕಳಲ್ಲಿ ಬರೀ ಎದೆಹಾಲು ಕುಡಿಯುತ್ತಿದ್ದವರು 63.7ರಷ್ಟು. ಆಸ್ಪತ್ರೆಗೆ ಹೋಗುವುದನ್ನು ನಾವು ಸಾಧಿಸಿದ್ದೇವೆ, ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ದಿನಗಳನ್ನು ಮಾತ್ರ ತಾಯಿಯೊಬ್ಬಳ ತಲೆಗೆ ಬಿಟ್ಟಿದ್ದೇವೆ. ಸಹಜ ಹೆರಿಗೆಯಾದರೆ ಎರಡು ದಿನಕ್ಕೆ, ಸಿಜೇರಿಯನ್ ಆದರೆ ಇನ್ನೆರಡು ಮೂರು ದಿನಕ್ಕೆ ಮನೆಗೆ ಕಳಿಸುತ್ತಾರೆ. ಎದೆ ತುಂಬಿ ಗಟ್ಟಿಯಾಗುವುದು, ಮಗು ಹಿಡಿಯಲಾರದೆ ಅಳುವುದು, ತೊಟ್ಟು ಒಡೆಯುವುದು ಸಾಮಾನ್ಯವಾಗಿ ಮೂರನೇ ದಿನದಿಂದ ಐದನೇ ದಿನದೊಳಗೆ. ನರ್ಸಮ್ಮ ಪಕ್ಕದಲ್ಲಿಲ್ಲದ ಹೊತ್ತಿಗೆ ಸರಿಯಾಗಿ ತೊಂದರೆ ಶುರುವಾಗುತ್ತದೆ. ಮೊದಲ ಭೇಟಿಯಲ್ಲಿ ನೀನು ಕೂರಿಸಿದ ಭಂಗಿ ನೀನಿರುವಾಗ ಚೆನ್ನಾಗಿಯೇ ಇರುತ್ತದೆ. ಅದೇ ರಾತ್ರಿ ಎರಡು ಗಂಟೆಗೆ, ಹೊಲಿಗೆಯ ನೋವಿನಲ್ಲಿ, ಮಗು ಕಿರುಚುತ್ತಿರುವಾಗ, ಮನೆಯವರೆಲ್ಲ ಒಂದೊಂದು ಸಲಹೆ ಕೊಡುತ್ತಿರುವಾಗ ಜಾರಿಹೋಗುತ್ತದೆ. ಇನ್ನು ತೂಕದ ಮಾತು. ಒಂದು ಸಲ ತೂಗಿದರೆ ಒಂದು ಅಂಕಿ ಸಿಗುತ್ತದೆ ಅಷ್ಟೆ. ಹಾಲು ಇಳಿದ ಮೇಲೆ ಮಗು ದಿನಕ್ಕೆ ಇಪ್ಪತ್ತೈದು ಮೂವತ್ತು ಗ್ರಾಂ ಏರುತ್ತಿದೆಯೇ ಎಂದು ತಿಳಿಯುವುದು ಎರಡನೇ ಸಲ ತೂಗಿದಾಗಲೇ. ಎದೆಹಾಲುಣಿಸುವ ತಾಯಂದಿರಿಗೆ ಕೊಡುವ ಬೆಂಬಲದ ಬಗ್ಗೆ ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ವಿಮರ್ಶೆ 2022ರಲ್ಲಿ ಬಂತು. ಹೆಚ್ಚುವರಿ ಬೆಂಬಲ ಸಿಕ್ಕ ತಾಯಂದಿರು ಹಾಲುಣಿಸುವುದನ್ನು ಬೇಗ ಬಿಡುವುದಿಲ್ಲ, ನಾಲ್ಕರಿಂದ ಎಂಟು ಸಲದ ಸಂಪರ್ಕ ಹೆಚ್ಚು ಫಲ ಕೊಡುವಂತೆ ಕಾಣುತ್ತದೆ ಎಂಬುದು ಅದರ ಸಾರ. ಒಂದೇ ಸಲ ಬಂದು ದುಡ್ಡು ತೆಗೆದುಕೊಂಡು ಹೋಗುವ ಪದ್ಧತಿಗೆ ಅಲ್ಲಿ ಆಧಾರ ಸಿಗುವುದಿಲ್ಲ.

ಹಾಗಾಗಿ ಭೇಟಿಗಿಷ್ಟು, ಗಂಟೆಗಿಷ್ಟು ಎಂಬ ಲೆಕ್ಕ ಬಿಡು ಎಂಬುದು ನನ್ನ ಮೊದಲ ಸಲಹೆ. ಭೇಟಿಗೆ ಇಷ್ಟು ಎಂದ ಕೂಡಲೇ ತಾಯಿ ಎರಡನೇ ಸಲ ಕರೆಯುವ ಮುಂಚೆ ಪರ್ಸು ನೋಡುತ್ತಾಳೆ. ಅವಳು ನೋಡದಿದ್ದರೂ ಅತ್ತೆಯೋ ಗಂಡನೋ ನೋಡುತ್ತಾರೆ. 'ಮೊನ್ನೆ ತಾನೇ ಬಂದು ಹೋದರಲ್ಲ, ಇನ್ನೇನು' ಎಂಬ ಮಾತು ಬರುತ್ತದೆ, ಅಂಗಡಿಯಿಂದ ಪುಡಿಹಾಲಿನ ಡಬ್ಬಿ ಬರುತ್ತದೆ. ಒಬ್ಬ ತಾಯಿಗೆ ಒಂದು ಫೀಸು ಇಡು. ಅದರಲ್ಲಿ ಮೊದಲ ಭೇಟಿ, ಒಂದು ವಾರದೊಳಗೆ ಎರಡನೇ ಭೇಟಿ, ಆಮೇಲೆ ಎರಡು ವಾರ ಫೋನು ಮತ್ತು ವಾಟ್ಸಾಪ್ ಎಲ್ಲವೂ ಸೇರಿರಲಿ. ಮೊದಲೇ ಕೊಟ್ಟಾಗಿದೆ ಎಂದಾದರೆ ಕರೆಯಲು ಸಂಕೋಚವಿರುವುದಿಲ್ಲ. ಲಗ್ಗೆರೆಯಂಥ ಕಡೆ ಇದಕ್ಕೆ ಇನ್ನೊಂದು ಕಾರಣವೂ ಉಂಟು. ಇಲ್ಲಿನ ಎಷ್ಟೋ ಮನೆಗಳ ಬೇರು ತುಮಕೂರು, ಹಾಸನ, ಮಂಡ್ಯದ ಕಡೆ ಇದೆ. ಚೊಚ್ಚಲ ಬಾಣಂತನ ತವರಿನಲ್ಲಿ. ಆಸ್ಪತ್ರೆಯಿಂದ ಲಗ್ಗೆರೆಗೆ ಬಂದವಳು ಹತ್ತು ದಿನಕ್ಕೆ ಕುಣಿಗಲ್ಲಿಗೋ ನಾಗಮಂಗಲಕ್ಕೋ ಹೊರಟುಬಿಡಬಹುದು. ಆಗ ನಿನ್ನ ಎರಡನೇ ಭೇಟಿ ಫೋನಿನ ಪರದೆಯ ಮೇಲೆ ನಡೆಯಬೇಕು, ತೂಕ ಅಲ್ಲಿನ ಅಂಗನವಾಡಿಯ ತಕ್ಕಡಿಯಲ್ಲಿ ಆಗಬೇಕು. ಭೇಟಿಗಿಷ್ಟು ಎಂಬ ಲೆಕ್ಕದಲ್ಲಿ ಇದಕ್ಕೆ ಜಾಗವಿಲ್ಲ. ಪೂರ್ತಿ ಆರೈಕೆಗೆ ಇಷ್ಟು ಎಂಬ ಲೆಕ್ಕದಲ್ಲಿ ಇದೆ.

ಈಗ ಅಂಕಿಗೆ ಬರೋಣ. ಫೀಸಿನ ಮಾತಾಡುವವರು ಹೆಚ್ಚಾಗಿ ಇಲ್ಲಿಯೇ ನಾಚಿಕೊಂಡು ನಿಲ್ಲಿಸಿಬಿಡುತ್ತಾರೆ. ನಾನು ಕೊಡುವ ಅಂಕಿಗಳು ಉದಾಹರಣೆಗೆ ಮಾತ್ರ, ಇವನ್ನು ತೆಗೆದು ನಿನ್ನವನ್ನು ಹಾಕಿಕೋ. ಮನೆ ನಡೆಸಲು ತಿಂಗಳಿಗೆ 30,000 ರೂಪಾಯಿ ಬೇಕು ಎಂದಿಟ್ಟುಕೋ. ಪೆಟ್ರೋಲು, ಫೋನು, ಗ್ಲೌಸು, ತೂಕದ ಯಂತ್ರದ ಸವಕಳಿ, ಮುಂದಿನ ಪರೀಕ್ಷೆಗೆ ಓದು, ಹುಷಾರಿಲ್ಲದ ದಿನಕ್ಕೆ ಎತ್ತಿಡುವುದು ಎಲ್ಲ ಸೇರಿ 10,000. ಒಟ್ಟು 40,000. ಒಬ್ಬ ತಾಯಿಗೆ ನೀನು ಕೊಡುವ ಹೊತ್ತನ್ನು ಪ್ರಾಮಾಣಿಕವಾಗಿ ಲೆಕ್ಕ ಹಾಕು. ಮೊದಲ ಭೇಟಿ ಒಂದೂವರೆ ಗಂಟೆ, ಎರಡನೆಯದು ಒಂದು ಗಂಟೆ, ಎರಡು ಸಲದ ಓಡಾಟಕ್ಕೆ ಎರಡು ಗಂಟೆ, ಬರೆದಿಡಲು ಅರ್ಧ ಗಂಟೆ, ಹದಿನೈದು ದಿನದ ಫೋನು ಮತ್ತು ಮೆಸೇಜುಗಳಿಗೆ ಒಂದೂವರೆ ಗಂಟೆ. ಆರೂವರೆ ಗಂಟೆ ಆಯಿತು. ಇದರಲ್ಲಿ ತಾಯಿಯ ಕಣ್ಣಿಗೆ ಬೀಳುವುದು ಎರಡೂವರೆ ಗಂಟೆ ಮಾತ್ರ. 'ಒಂದು ಗಂಟೆ ಕೂತದ್ದಕ್ಕೆ ಇಷ್ಟೊಂದೇ?' ಎಂಬ ಪ್ರಶ್ನೆ ಹುಟ್ಟುವುದೂ, ಅದನ್ನು ಕೇಳಿ ನೀನು ಕುಗ್ಗುವುದೂ ಉಳಿದ ನಾಲ್ಕು ಗಂಟೆ ಯಾರ ಲೆಕ್ಕದಲ್ಲೂ ಇಲ್ಲದ್ದರಿಂದ. ದಿನಕ್ಕೆ ಐದು ಗಂಟೆ, ತಿಂಗಳಿಗೆ ಇಪ್ಪತ್ತಾರು ದಿನ ದುಡಿದರೆ 130 ಗಂಟೆ, ಅಂದರೆ ಇಪ್ಪತ್ತು ತಾಯಂದಿರು. 40,000ವನ್ನು ಇಪ್ಪತ್ತರಿಂದ ಭಾಗಿಸಿದರೆ ತಲೆಗೆ 2,000. ಎಲ್ಲರೂ ಪೂರ್ತಿ ಕೊಡುವವರಾದರೆ ಇದೇ ನಿನ್ನ ಫೀಸು. ಲಗ್ಗೆರೆಯಲ್ಲಿ ಎಲ್ಲರೂ ಪೂರ್ತಿ ಕೊಡಲಾರರು, ಅವರನ್ನು ಬಿಟ್ಟು ಕೆಲಸ ಮಾಡುವ ಮನಸ್ಸೂ ನಿನಗಿಲ್ಲ. ಇಪ್ಪತ್ತರಲ್ಲಿ ಇಬ್ಬರಿಗೆ ಪುಕ್ಕಟೆ, ನಾಲ್ವರಿಗೆ ಅರ್ಧ ಎಂದು ಮೊದಲೇ ನಿಗದಿ ಮಾಡಿಕೊಂಡರೆ ಪೂರ್ತಿ ಫೀಸಿನ ಲೆಕ್ಕಕ್ಕೆ ಹದಿನಾರು ಪಾಲು ಸಿಗುತ್ತದೆ. ಆಗ ಫೀಸು 2,500 ಆಗುತ್ತದೆ. ನಾಲ್ವರಿಗೆ ಪುಕ್ಕಟೆ, ನಾಲ್ವರಿಗೆ ಅರ್ಧ ಎಂದರೆ ಹದಿನಾಲ್ಕೇ ಪಾಲು, ಫೀಸು 2,850ರ ಹತ್ತಿರ ಹೋಗುತ್ತದೆ. ರಿಯಾಯಿತಿಯ ಖರ್ಚನ್ನು ಯಾರಾದರೂ ಹೊರಲೇಬೇಕು. ಲೆಕ್ಕ ಹಾಕದೆ ಬಾಗಿಲಲ್ಲಿ ನಿಂತು ಮುಖ ನೋಡಿ ಬಿಟ್ಟುಕೊಟ್ಟರೆ ಅದು ನಿನ್ನ ಮಕ್ಕಳ ಶಾಲೆಯ ಫೀಸಿನಿಂದ ಹೋಗುತ್ತದೆ. ಆರು ತಿಂಗಳಿಗೆ ನಿನ್ನಲ್ಲಿ ಬೇಸರ ಹುಟ್ಟುತ್ತದೆ, ವರ್ಷಕ್ಕೆ ನೀನು ಈ ಕೆಲಸ ಬಿಟ್ಟು ಯಾವುದಾದರೂ ಆಸ್ಪತ್ರೆಯ ಡ್ಯೂಟಿಗೆ ಸೇರುತ್ತೀಯ. ಆಮೇಲಿನ ನೂರು ತಾಯಂದಿರಿಗೆ ಎರಡನೇ ಭೇಟಿ ಇರಲಿ, ಮೊದಲನೆಯದೂ ಸಿಗುವುದಿಲ್ಲ.

2,500 ಲಗ್ಗೆರೆಗೆ ಹೆಚ್ಚಾಯಿತಲ್ಲ ಎನ್ನುತ್ತೀಯ. ಒಪ್ಪುತ್ತೇನೆ, ಎಲ್ಲರಿಗೂ ಅದೇ ಆದರೆ ಹೆಚ್ಚೇ. ಪೀಣ್ಯದ ಸುತ್ತಿನ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಣ್ಣುಮಗಳ ಸಂಬಳ ಹನ್ನೆರಡು ಹದಿಮೂರು ಸಾವಿರದ ಆಸುಪಾಸು, ಅಂದರೆ ದಿನದ ಕೂಲಿ ಐನೂರು ರೂಪಾಯಿಯ ಹತ್ತಿರ. ಪೂರ್ತಿ ಫೀಸು ಅವಳ ಐದು ದಿನದ ದುಡಿಮೆ, ಅರ್ಧ ಫೀಸು ಎರಡೂವರೆ ದಿನದ್ದು. ಇಎಸ್ಐ ವಿಮೆ ಇರುವವಳಿಗೆ ಹೆರಿಗೆಗೆ ಇಪ್ಪತ್ತಾರು ವಾರದ ಸಂಬಳ ಸಹಿತ ರಜೆ ಸಿಗುತ್ತದೆ. ಅದೇ ಬೀದಿಯಲ್ಲಿ ಮನೆಯಲ್ಲೇ ಕೂತು ಪೀಸ್ ಲೆಕ್ಕದಲ್ಲಿ ಗುಂಡಿ ಹಚ್ಚುವವಳಿಗೆ, ಗಂಡ ಲೇತ್ ಶೆಡ್ಡಿನಲ್ಲಿ ದಿನಗೂಲಿ ಮಾಡುವವಳಿಗೆ ರಜೆಯೂ ಇಲ್ಲ, ಸಂಬಳವೂ ಇಲ್ಲ. ಸ್ವಂತ ಮನೆ ಕಟ್ಟಿ ಮೂರು ಅಂತಸ್ತು ಬಾಡಿಗೆಗೆ ಕೊಟ್ಟವರೂ, ಯಶವಂತಪುರದ ಕಡೆಯ ಅಪಾರ್ಟ್‌ಮೆಂಟಿನಲ್ಲಿ ಲ್ಯಾಪ್‌ಟಾಪಿನ ಕೆಲಸದವರೂ ನಿನ್ನನ್ನೇ ಕರೆಯುತ್ತಾರೆ. ಈ ಎಲ್ಲರಿಗೂ ಒಂದೇ ಅಂಕಿ ಹೇಳಿದರೆ ಅದು ಸಮಾನತೆಯಂತೆ ಕಂಡರೂ ಕೆಳಗಿನವಳನ್ನು ಹೊರಗಿಡುತ್ತದೆ. ನಮ್ಮ ಹಳ್ಳಿಗಳಲ್ಲಿ ಕಮ್ಮಾರನಿಗೆ, ಅಗಸನಿಗೆ, ಕ್ಷೌರಿಕನಿಗೆ ಸುಗ್ಗಿಯಲ್ಲಿ ಆಯ ಕೊಡುತ್ತಿದ್ದುದು ಕಣದ ರಾಶಿ ನೋಡಿ. ದೊಡ್ಡ ರಾಶಿಯವನಿಂದ ಹೆಚ್ಚು ಬರುತ್ತಿತ್ತು, ಬೆಳೆ ಹೋದವನಿಂದ ಆ ವರ್ಷ ಕಡಿಮೆ, ಕೆಲಸ ಮಾತ್ರ ಇಬ್ಬರಿಗೂ ನಡೆಯುತ್ತಿತ್ತು. ಆ ಪದ್ಧತಿಯೊಳಗಿನ ಜಾತಿಯ ಕಟ್ಟನ್ನು ನಾನು ಮರೆತಿಲ್ಲ, ಅದು ಮರಳಿ ಬರುವುದೂ ಬೇಡ. ಕೊಡುವವನ ಕೈ ನೋಡಿ ಕೊಡುಗೆ ನಿಲ್ಲುವುದು ಮಾತ್ರ ನಮಗೆ ಪರಕೀಯವಲ್ಲ. ನಿನ್ನ ಕ್ಷೇತ್ರದಲ್ಲಿಯೇ ಉದಾಹರಣೆ ಇದೆ. ಐಬಿಸಿಎಲ್‌ಸಿ ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರ ಕೊಡುವ, 1985ರಲ್ಲಿ ಹುಟ್ಟಿದ ಮಂಡಳಿ ತನ್ನ ಪರೀಕ್ಷಾ ಶುಲ್ಕವನ್ನು ದೇಶಗಳ ಆದಾಯ ನೋಡಿ ಮೂರು ಶ್ರೇಣಿಗಳಲ್ಲಿ ಇಟ್ಟಿದೆ. ಪರೀಕ್ಷೆ ಎಲ್ಲರಿಗೂ ಒಂದೇ, ಕಟ್ಟುವ ಹಣ ಬೇರೆ. ನಿನ್ನನ್ನು ಅಳೆಯುವವರೇ ಒಪ್ಪಿದ ತತ್ವವನ್ನು ನೀನು ಲಗ್ಗೆರೆಯಲ್ಲಿ ಪಾಲಿಸಲು ಸಂಕೋಚವೇಕೆ?

ಯಾರಿಗೆ ಅರ್ಧ, ಯಾರಿಗೆ ಪುಕ್ಕಟೆ ಎಂದು ತೀರ್ಮಾನಿಸುವುದು ಯಾರು? ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ತಾಯಿಯೇ ತೀರ್ಮಾನಿಸಲಿ. ನೀನು ಮನೆಯ ಟೈಲ್ಸು, ಟಿವಿ, ಕೊರಳಿನ ಸರ ನೋಡಿ ಬೆಲೆ ಕಟ್ಟಬೇಡ. ಬಾಣಂತನಕ್ಕೆ ಕೈಸಾಲ ಮಾಡಿದವರ ಕೊರಳಲ್ಲೂ ಸರ ಇರುತ್ತದೆ, ಅದು ಗಿರವಿಗೆ ಹೋಗುವುದು ಮುಂದಿನ ತಿಂಗಳು. ರೇಷನ್ ಕಾರ್ಡು ತೋರಿಸು ಎಂದು ಕೇಳುವುದೂ ಬೇಡ. ಎದೆಯ ನೋವನ್ನು ತೋರಿಸಲು ಧೈರ್ಯ ತಂದುಕೊಂಡವಳಿಂದ ಬಡತನದ ಪುರಾವೆಯನ್ನೂ ಕೇಳಿದರೆ ಅವಳು ನಿನ್ನನ್ನು ಎರಡನೇ ಸಲ ಕರೆಯುವುದಿಲ್ಲ. ಫೀಸನ್ನು ಹೇಳುವಾಗಲೇ ಎರಡನ್ನೂ ಹೇಳು: 'ಪೂರ್ತಿ ಫೀಸು ಇಷ್ಟು. ಕಷ್ಟವಿದ್ದರೆ ಅರ್ಧ ಕೊಡಿ, ಕಾರಣ ಕೇಳುವುದಿಲ್ಲ. ಅದೂ ಆಗದಿದ್ದರೆ ಹೇಳಿ.' ಮೋಸ ಮಾಡುವವರು ಇರುತ್ತಾರಲ್ಲ ಎಂಬ ಆಕ್ಷೇಪ ಸುಳ್ಳಲ್ಲ. ಕೊಡಬಲ್ಲ ಕೆಲವರು ಅರ್ಧ ಕೊಟ್ಟು ಹೋಗುತ್ತಾರೆ. ಅದಕ್ಕೇ ಅರ್ಧದ ಪಾಲು ತಿಂಗಳಿಗೆ ನಾಲ್ಕು ಎಂದು ಮೊದಲೇ ಕಟ್ಟಿಕೊಂಡಿದ್ದೇವೆ. ಅದು ತುಂಬಿದ ಮೇಲೆ ಬರುವವರಿಗೆ ಕಂತಿನಲ್ಲಿ ಕೊಡುವ ದಾರಿ ತೋರಿಸಬಹುದು. ಅಥವಾ ಒಬ್ಬೊಬ್ಬರಾಗಿ ಮನೆಗೆ ಹೋಗುವ ಬದಲು ಏಳೆಂಟು ಗರ್ಭಿಣಿಯರನ್ನು ಒಂದು ಕೋಣೆಯಲ್ಲಿ ಸೇರಿಸಿ, ತಲೆಗೆ ನೂರು ರೂಪಾಯಿಯಂತೆ ಎರಡು ಗಂಟೆ ಹೇಳಿಕೊಡುವ ಕ್ಲಾಸು ಮಾಡಬಹುದು. ಹೆರಿಗೆಗೆ ಮುಂಚೆಯೇ ಹೇಳಿಕೊಟ್ಟರೆ ಹೆರಿಗೆಯಾದ ಮೇಲಿನ ಎಷ್ಟೋ ಕರೆಗಳು ಬರುವುದೇ ಇಲ್ಲ. ಕೆಲವರ ಮೋಸಕ್ಕೆ ಹೆದರಿ ಎಲ್ಲರನ್ನೂ ಪರೀಕ್ಷೆಗೆ ನಿಲ್ಲಿಸುವುದಕ್ಕಿಂತ, ಆ ನಷ್ಟಕ್ಕೆ ಒಂದು ಮಿತಿ ಹಾಕಿ ಒಪ್ಪಿಕೊಳ್ಳುವುದು ಮೇಲು.

ಕಡಿಮೆ ಕೊಟ್ಟವಳಿಗೆ ಕಡಿಮೆ ಆರೈಕೆ ಎಂಬ ಭಾವ ಮಾತ್ರ ಒಂದು ಕ್ಷಣವೂ ಒಳಗೆ ಬರಬಾರದು. 1995ರಲ್ಲಿ ಸುಪ್ರೀಂ ಕೋರ್ಟು ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ಮತ್ತು ವಿ. ಪಿ. ಶಾಂತಾ ಪ್ರಕರಣದಲ್ಲಿ ಕೊಟ್ಟ ತೀರ್ಪು ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗೆ ವೈದ್ಯಕೀಯ ಸೇವೆಯನ್ನು ತಂದದ್ದಕ್ಕೆ ಹೆಸರಾಗಿದೆ. ಅದರಲ್ಲಿ ಜನ ಅಷ್ಟಾಗಿ ಗಮನಿಸದ ಒಂದು ಭಾಗವಿದೆ. ಕೆಲವರಿಂದ ಹಣ ಪಡೆದು, ಕೊಡಲಾರದವರಿಗೆ ಪುಕ್ಕಟೆ ಸೇವೆ ಕೊಡುವ ಕಡೆ, ಪುಕ್ಕಟೆ ಸೇವೆ ಪಡೆದವರೂ ಹಣ ಕೊಟ್ಟವರಷ್ಟೇ ಗ್ರಾಹಕರು ಎಂದು ಕೋರ್ಟು ಹೇಳಿತು. ಹಣ ಕೊಟ್ಟವರ ದುಡ್ಡಿನಲ್ಲೇ ಇವರ ಸೇವೆಯ ಖರ್ಚೂ ಸೇರಿರುತ್ತದೆ ಎಂಬುದು ಅದರ ಹಿಂದಿನ ವಿಚಾರ. ನಾನು ಮೇಲೆ ಹಾಕಿದ ಲೆಕ್ಕವೂ ಅದನ್ನೇ ಹೇಳುತ್ತದೆ. ಪುಕ್ಕಟೆ ತಾಯಿಯ ಆರೂವರೆ ಗಂಟೆಗೆ ಹದಿನಾರು ಪಾಲಿನವರು ಆಗಲೇ ಕೊಟ್ಟಿದ್ದಾರೆ. ಅವಳಿಗೆ ಎರಡನೇ ಭೇಟಿ ತಪ್ಪಿಸಿದರೆ ನೀನು ಅವರಿಗೂ ತಪ್ಪು ಮಾಡಿದಂತೆ.

ಇನ್ನು ಎಲ್ಲಕ್ಕಿಂತ ನೋಯಿಸುವ ಆಕ್ಷೇಪ. ಹಾಲೂಡಿಸುವುದು ಪ್ರಕೃತಿ ಕೊಟ್ಟದ್ದು, ಅಜ್ಜಿ ಅತ್ತೆಯರು ಹೇಳಿಕೊಡುತ್ತಿದ್ದದ್ದು, ಅದಕ್ಕೂ ದುಡ್ಡೇ? ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆ ಮಾಡಿಸಿ ಒಂದು ಕಾಸು ಕೇಳಲಿಲ್ಲವಲ್ಲ? ಈ ಮಾತನ್ನು ಹಗುರವಾಗಿ ತಳ್ಳಿಹಾಕಬೇಡ. ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ನಾಡು ಅವರನ್ನು ತಾಯಿಯೆಂದೇ ಕರೆಯಿತು, ಕರೆದದ್ದು ಸರಿ. ಆದರೂ ಯೋಚಿಸು. ಅವರ ಕೆಲಸಕ್ಕೆ ನಾಡು ಗೌರವ ಕೊಟ್ಟದ್ದು ಅವರ ಮುಪ್ಪಿನಲ್ಲಿ. ಅಲ್ಲಿಯವರೆಗಿನ ದಶಕಗಳ ರಾತ್ರಿ ನಿದ್ದೆಯ ಖರ್ಚನ್ನು ಹೊತ್ತದ್ದು ಒಂದು ಬಡ ಕುಟುಂಬ. ಒಬ್ಬರು ಹಾಗೆ ಬದುಕಲು ಆರಿಸಿಕೊಂಡದ್ದು ತ್ಯಾಗ. ಅದನ್ನೇ ಇನ್ನೊಬ್ಬ ಹೆಣ್ಣುಮಗಳ ಮೇಲೆ ಕರ್ತವ್ಯವೆಂದು ಹೇರುವುದು ಬೇರೆ ಮಾತು. ಇದೇ ಆಕ್ಷೇಪ ಲೇತ್ ಕೆಲಸದವನ ಮೇಲೆ, ಎಲೆಕ್ಟ್ರಿಷಿಯನ್ ಮೇಲೆ ಬರುವುದಿಲ್ಲ. ಹೆಂಗಸು ಹೆಂಗಸಿಗೆ ಮಾಡುವ ಕೆಲಸವಾದ್ದರಿಂದ ಇದು ಪುಕ್ಕಟೆಯಾಗಿರಬೇಕು ಎಂಬ ಎಣಿಕೆ ಅದರೊಳಗೆ ಕೂತಿದೆ. ಹಳ್ಳಿಯಲ್ಲಿ ಕೂಡ ಮೊರದಲ್ಲಿ ಅಕ್ಕಿ, ಬೆಲ್ಲ, ಕಾಯಿ, ಕುಪ್ಪಸದ ಕಣ ಇಟ್ಟು ಬಾಣಂತನ ಮಾಡಿದವಳನ್ನು ಕಳಿಸುವುದು ಮರ್ಯಾದೆಯಾಗಿತ್ತು. ಇವತ್ತಿಗೂ ಲಗ್ಗೆರೆಯಲ್ಲಿ ಮಗುವಿಗೆ ಎಣ್ಣೆ ಹಚ್ಚಿ ನೀರು ಎರೆಯಲು ಬರುವ ಹೆಂಗಸಿಗೆ ದಿನಕ್ಕಿಷ್ಟು ಎಂದು ಕೊಡುತ್ತಾರೆ, ಯಾರೂ ಅದನ್ನು ಪ್ರಕೃತಿ ಸಹಜವೆಂದು ಚೌಕಾಸಿ ಮಾಡುವುದಿಲ್ಲ. ಅಜ್ಜಿಯರ ಮಾತಂತೂ ನಿಜ. ಅಜ್ಜಿ ಪಕ್ಕದಲ್ಲಿದ್ದು ಕೈಹಿಡಿದು ಕಲಿಸಬಲ್ಲ ಮನೆಗೆ ನಿನ್ನ ಅಗತ್ಯವಿಲ್ಲ, ಅಲ್ಲಿ ಫೀಸು ತೆಗೆದುಕೊಳ್ಳಬೇಡ, ಅಜ್ಜಿಗೆ ಕೈಮುಗಿದು ಬಾ. ಶೀಟಿನ ಒಂದು ಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇರುವ ಮನೆಗಳೇ ಈಗ ನಿನ್ನನ್ನು ಹುಡುಕುತ್ತವೆ.

ಸರ್ಕಾರದಲ್ಲಿ ಪುಕ್ಕಟೆ ಸಿಗುತ್ತದಲ್ಲ ಎಂಬ ಪ್ರಶ್ನೆಗೆ ಉತ್ತರ ಸುಲಭ: ಸಿಗುತ್ತದೆ, ಹಾಗೆಂದು ನೀನೇ ಮೊದಲು ಹೇಳಬೇಕು. ಸರ್ಕಾರದ 'ನಮ್ಮ ಕ್ಲಿನಿಕ್', ಆಶಾ ಕಾರ್ಯಕರ್ತೆ, ಅಂಗನವಾಡಿ, ಇಎಸ್ಐ ಆಸ್ಪತ್ರೆ, ವಾಣಿವಿಲಾಸ ಆಸ್ಪತ್ರೆ, ಇವುಗಳ ದಾರಿ ತಾಯಿಗೆ ತಿಳಿದಿರಲಿ. ತಿಳಿದೂ ನಿನ್ನನ್ನು ಆರಿಸಿಕೊಂಡರೆ ಆ ಫೀಸಿಗೆ ಕಳಂಕವಿಲ್ಲ. ಆದರೆ ಸರ್ಕಾರದ ದರವನ್ನು ನಿನ್ನ ಅಳತೆಗೋಲು ಮಾಡಿಕೊಳ್ಳಬೇಡ. ನವಜಾತ ಶಿಶುವಿನ ಮನೆ ಆರೈಕೆಯ ಕಾರ್ಯಕ್ರಮದಲ್ಲಿ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ಆಶಾ ಆರು ಸಲ ಮನೆಗೆ ಹೋಗಿ ನೋಡಬೇಕು: ಮೂರನೇ ದಿನ, ಏಳನೇ ದಿನ, ಹೀಗೆ ನಲವತ್ತೆರಡನೇ ದಿನದವರೆಗೆ. ಆರೂ ಭೇಟಿ ಮುಗಿಸಿದರೆ ಪ್ರೋತ್ಸಾಹಧನ ಒಟ್ಟು 250 ರೂಪಾಯಿ. ಭೇಟಿಗೆ ನಲವತ್ತೆರಡು ರೂಪಾಯಿಯೂ ಆಗಲಿಲ್ಲ. ಆಶಾ ಅಕ್ಕಂದಿರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮತ್ತೆ ಮತ್ತೆ ಧರಣಿ ಕೂರುವುದಕ್ಕೆ ಕಾರಣ ಇಂಥ ದರಗಳೇ. ಕಾರ್ಯಕ್ರಮ ಬರೆದವರು ಒಂದು ವಿಷಯ ಸರಿಯಾಗಿ ಹಿಡಿದಿದ್ದಾರೆ, ಒಂದಕ್ಕಿಂತ ಹೆಚ್ಚು ಭೇಟಿ ಬೇಕು ಎಂಬುದನ್ನು. ಆ ಭೇಟಿಗಳಿಗೆ ಬೆಲೆ ಕಟ್ಟುವಲ್ಲಿ ಅವರು ಎಡವಿದರು. ಅವರು ತಪ್ಪಿದ ಕಡೆ ನೀನೂ ತಪ್ಪಬೇಕಿಲ್ಲ.

ಇದರ ಎದುರು ತುದಿಯಲ್ಲಿ ಇನ್ನೊಂದು ಸಲಹೆ ನಿನ್ನ ಕಿವಿಗೆ ಬೀಳುತ್ತದೆ. ಪುಡಿಹಾಲಿನ ಖರ್ಚು ನೋಡಿ ಫೀಸು ಇಡು ಎನ್ನುತ್ತಾರೆ. ಬರೀ ಪುಡಿಹಾಲಿನ ಮೇಲಿರುವ ಎರಡು ಮೂರು ತಿಂಗಳ ಮಗುವಿಗೆ ದಿನಕ್ಕೆ ಸುಮಾರು ನೂರು ಗ್ರಾಂ ಪುಡಿ ಬೇಕು, ನಾನೂರು ಗ್ರಾಮಿನ ಡಬ್ಬಿ ನಾಲ್ಕು ದಿನಕ್ಕೆ ಮುಗಿಯುತ್ತದೆ, ತಿಂಗಳಿಗೆ ಮೂರು ಸಾವಿರ ದಾಟುತ್ತದೆ. ಅಷ್ಟು ಉಳಿಸಿಕೊಡುವವಳು ಐದು ಸಾವಿರ ಕೇಳಿದರೇನು ತಪ್ಪು? ತಪ್ಪು ಇದೆ. ನಾಲ್ಕನೇ ರಾತ್ರಿ ಮಗು ಅಳುವುದು ನಿಲ್ಲಿಸದಿರುವಾಗ ಮನೆಯವರು ಎಷ್ಟಾದರೂ ಕೊಡಲು ಸಿದ್ಧರಿರುತ್ತಾರೆ. ಆ ಹೊತ್ತಿನ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲಾಗದು. ನಿನ್ನ ಫೀಸು ನಿನ್ನ ಶ್ರಮದ ಲೆಕ್ಕದಿಂದ ಹುಟ್ಟಬೇಕು, ಅವರ ಭಯದಿಂದ ಹುಟ್ಟಬಾರದು. ಭಯಕ್ಕೆ ಬೆಲೆ ಕಟ್ಟುವವರು ಈಗಾಗಲೇ ಬೇಕಾದಷ್ಟು ಮಂದಿ ಇದ್ದಾರೆ. 2023ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಲೇಖನಮಾಲೆಯ ಪ್ರಕಾರ ಜಗತ್ತಿನಲ್ಲಿ ಪುಡಿಹಾಲಿನ ವ್ಯಾಪಾರ ವರ್ಷಕ್ಕೆ ಸುಮಾರು 5,500 ಕೋಟಿ ಡಾಲರ್. ಸಹಜವಾಗಿ ಅಳುವ ಮಗುವನ್ನು ಹಾಲು ಸಾಲದ ಮಗು ಎಂದು ತಾಯಿಗೆ ನಂಬಿಸುವ ಜಾಹೀರಾತಿನ ಮೇಲೆ ಆ ವ್ಯಾಪಾರ ಬೆಳೆದಿದೆ ಎಂಬುದನ್ನು ಆ ಮಾಲೆ ವಿವರವಾಗಿ ತೋರಿಸುತ್ತದೆ. ಪುಡಿಹಾಲು ನಿಜವಾಗಿಯೂ ಬೇಕಾದ ಮಕ್ಕಳಿದ್ದಾರೆ, ಅವರ ತಾಯಂದಿರನ್ನು ನೋಯಿಸಬೇಡ. ಡಬ್ಬಿಯ ಕಂಪನಿಯ ಪೆನ್ನು, ಡೈರಿ, ಊಟ, ಕಮಿಷನ್ನು ಮಾತ್ರ ಮುಟ್ಟಬೇಡ. ಶಿಶು ಹಾಲಿನ ಬದಲಿಗಳು, ಹಾಲುಣಿಸುವ ಬಾಟಲಿಗಳು ಮತ್ತು ಶಿಶು ಆಹಾರಗಳ ಕುರಿತ 1992ರ ಕಾಯ್ದೆ, 2003ರ ತಿದ್ದುಪಡಿಯೊಂದಿಗೆ, ಕಂಪನಿಗಳು ಆರೋಗ್ಯ ಕಾರ್ಯಕರ್ತರಿಗೆ ಕೊಡುವ ಇಂಥ ಆಮಿಷಗಳನ್ನು ನಿಷೇಧಿಸುತ್ತದೆ. ಸಲಹೆ ಪುಕ್ಕಟೆ ಎಂದು ಹೇಳಿ ಪಂಪು, ತೊಟ್ಟಿನ ಕವಚ, ಬಾಣಂತಿ ಲೇಹ್ಯ ಮಾರಿ ಸರಿದೂಗಿಸಿಕೊಳ್ಳುವ ದಾರಿಯೂ ಇದೇ ಜಾತಿಯದು. ಫೀಸು ಇಡಲು ನಾಚಿಕೊಂಡವರು ಹೆಚ್ಚಾಗಿ ಹೋಗಿ ಬೀಳುವುದು ಅಲ್ಲಿಗೇ. ನೇರವಾಗಿ ಕೇಳುವ 2,500 ರೂಪಾಯಿ ತಾಯಿಗೆ ಕಾಣುತ್ತದೆ, ಅವಳು ಬೇಡವೆನ್ನಬಹುದು. ಬೇಡದ ಪಂಪಿನೊಳಗೆ ಅಡಗಿದ ಹಣವನ್ನು ಅವಳು ಬೇಡವೆನ್ನಲಾರಳು.

ಕಾಣುವಂತೆ ಇಡುವುದು ಎಂದರೆ ಮೊದಲೇ ಹೇಳುವುದು. ವೈದ್ಯರಿಗಾಗಿ ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಹೊರಡಿಸಿದ ನೀತಿಸಂಹಿತೆಯಲ್ಲಿ, ಫೀಸನ್ನು ಚಿಕಿತ್ಸೆಗೆ ಮುಂಚೆ ತಿಳಿಸಬೇಕು, ಚಿಕಿತ್ಸೆ ನಡೆಯುತ್ತಿರುವಾಗ ಹೇಳಬಾರದು ಎಂದಿದೆ. ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಗೆ ತಿದ್ದುಪಡಿ ತರಲು ಹೊರಟಾಗ, 2017ರ ನವೆಂಬರಿನಲ್ಲಿ ಖಾಸಗಿ ವೈದ್ಯರು ಬೀದಿಗಿಳಿದದ್ದು ನಿನಗೆ ನೆನಪಿರಬಹುದು. ದರಕ್ಕೆ ಸರ್ಕಾರ ಮಿತಿ ಹಾಕಬೇಕೇ ಎಂಬುದರ ಮೇಲೆ ಜಗಳ ದೊಡ್ಡದಾಯಿತು. ದರ ಏನೆಂದು ರೋಗಿಗೆ ಮುಂಚಿತವಾಗಿ ತಿಳಿದಿರಬೇಕು ಎಂಬ ಮಾತಿಗೆ ಎದುರಾಡುವುದು ಯಾರಿಗೂ ಸುಲಭವಿರಲಿಲ್ಲ. ನೀನು ವೈದ್ಯೆಯಲ್ಲ, ಆ ಸಂಹಿತೆ ನಿನ್ನನ್ನು ಕಟ್ಟುವುದಿಲ್ಲ, ಆದರೂ ಅದರ ವಿವೇಕ ನಿನ್ನದಾಗಲಿ. ಮೊದಲ ಫೋನಿನಲ್ಲೇ ಫೀಸು, ರಿಯಾಯಿತಿ, ಏನೇನು ಸೇರಿದೆ, ಎಷ್ಟು ದಿನದವರೆಗೆ ಎಂಬುದನ್ನು ಹೇಳಿ, ಅದನ್ನೇ ಕನ್ನಡದಲ್ಲಿ ಬರೆದು ಕಳಿಸು. ಅದೇ ಸಂಹಿತೆಯ ಇನ್ನೊಂದು ಮಾತು ನಿನ್ನ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ: ಗುಣವಾದರೆ ಮಾತ್ರ ಹಣ ಎಂಬ ಕರಾರು ನೀತಿಗೆ ಹೊರತು. 'ಹಾಲು ಬಂದರೆ ಕೊಡುತ್ತೇವೆ' ಎನ್ನುವ ಮನೆ ಸಿಗುತ್ತದೆ, ಒಪ್ಪಿಬಿಡುವ ಆಸೆಯೂ ಆಗುತ್ತದೆ. ಒಪ್ಪಿದ ಕ್ಷಣದಿಂದ ತಾಯಿಯ ಎದೆ ನಿನ್ನ ಸಂಪಾದನೆಯ ಸಾಧನವಾಗುತ್ತದೆ. ಅವಳು ದಣಿದು, ಅರ್ಧ ಎದೆಹಾಲು ಅರ್ಧ ಪುಡಿಹಾಲು ಸಾಕು ಎಂದು ತೀರ್ಮಾನಿಸಿದರೆ ಅದು ಅವಳ ಹಕ್ಕು, ಅದನ್ನು ಶಾಂತವಾಗಿ ಕೇಳಿಸಿಕೊಂಡು ಸುರಕ್ಷಿತವಾಗಿ ಮಾಡುವುದನ್ನು ಹೇಳಿಕೊಡುವುದು ನಿನ್ನ ಕೆಲಸ. ನಿನ್ನ ಹಣ ಅವಳ ಹಾಲಿನ ಹನಿಗೆ ಕಟ್ಟಿಕೊಂಡಿದ್ದರೆ ನೀನು ಅದನ್ನು ಶಾಂತವಾಗಿ ಕೇಳಲಾರೆ.

ಫೀಸಿನ ಮಾತೇ ಬರಬಾರದ ಒಂದು ಜಾಗ ಇದೆ. ಫೋನಿನಲ್ಲಿ ಮೊದಲ ಹತ್ತು ನಿಮಿಷ ಯಾರಿಗೂ ಬೆಲೆ ಇಡಬೇಡ, ಮೇಲೆ ಹೇಳಿದ ಫೀಸಿನ ಮಾತು ಆ ಹತ್ತು ನಿಮಿಷದ ನಂತರ ಬರಲಿ. ಮಗು ಎಚ್ಚರಗೊಳ್ಳುತ್ತಿಲ್ಲ, ಉಚ್ಚೆ ಹೋಗುವುದು ತೀರಾ ಕಡಿಮೆಯಾಗಿದೆ, ಮೈ ಬಿಸಿಯಾಗಿದೆ ಅಥವಾ ತಣ್ಣಗಿದೆ, ಹುಟ್ಟಿದ ತೂಕಕ್ಕಿಂತ ನೂರಕ್ಕೆ ಹತ್ತರಷ್ಟು ಇಳಿದಿದೆ, ತಾಯಿಗೆ ಚಳಿಜ್ವರದ ಜೊತೆ ಎದೆ ಕೆಂಪಾಗಿದೆ ಎಂದರೆ, ಅವರು ನಿನಗೆ ದುಡ್ಡು ಕೊಡುವ ಮುಂಚೆ ಆಸ್ಪತ್ರೆಯ ದಾರಿ ಹಿಡಿದಿರಬೇಕು.

ಹತ್ತಿರದ ಇನ್ನೊಬ್ಬಳು 800ಕ್ಕೆ ಹೋಗುತ್ತಾಳೆ, ನೀನು 2,500 ಎನ್ನುತ್ತೀಯಲ್ಲ ಎಂಬ ಹೋಲಿಕೆ ಬಂದೇ ಬರುತ್ತದೆ. ಅವಳ ದರವನ್ನು ಹಳಿಯಬೇಡ, ನಿನ್ನದನ್ನು ಕುಗ್ಗಿಸಿ ಅವಳ ಕೆಲಸ ಕೀಳಲೂ ಬೇಡ. ಒಂದು ಭೇಟಿಗೆ 800 ಎಂದರೆ ಎರಡಕ್ಕೆ 1,600, ಫೋನಿನ ಹೊತ್ತು ಬೇರೆ. ಏನೇನು ಸೇರಿದೆ ಎಂದು ಜನ ಹೋಲಿಸಿಕೊಳ್ಳಲಿ. ಇಬ್ಬರೂ ಕೂತು ಮಾತಾಡಿಕೊಂಡರೆ ಇನ್ನೂ ಒಳ್ಳೆಯದು, ಒಬ್ಬಳ ಅರ್ಧ ಫೀಸಿನ ಪಾಲು ತುಂಬಿದಾಗ ಇನ್ನೊಬ್ಬಳ ಹತ್ತಿರ ಕಳಿಸಬಹುದು. ಹೆಚ್ಚಿನ ಹಣ ಬೇಕೆಂದರೆ ಅದನ್ನು ತಾಯಂದಿರಿಂದ ಹಿಂಡುವ ಬದಲು ಪೀಣ್ಯದ ಕಾರ್ಖಾನೆಗಳ ಬಾಗಿಲಲ್ಲಿ ಕೇಳು. ಐವತ್ತು ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಎಂದು ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಯಿತು. ಮಗುವಿಗೆ ಹದಿನೈದು ತಿಂಗಳಾಗುವವರೆಗೆ ಹಾಲುಣಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕೆಂಬುದು ಅದಕ್ಕೂ ಹಳೆಯ ನಿಯಮ. ಈ ಬಿಡುವನ್ನು ಹೇಗೆ ಬಳಸಬೇಕು, ಕೈಯಿಂದ ಹಾಲು ತೆಗೆದು ಹೇಗೆ ಇಡಬೇಕು ಎಂದು ಕೆಲಸಕ್ಕೆ ಮರಳುವ ಹೆಣ್ಣುಮಕ್ಕಳಿಗೆ ಹೇಳಿಕೊಡಲು ಕಂಪನಿ ಕರೆದರೆ, ಕಂಪನಿಯ ಶಕ್ತಿಗೆ ತಕ್ಕ ಫೀಸನ್ನೇ ಹೇಳು. ಅಂಥದ್ದು ತಿಂಗಳಿಗೊಂದು ಸಿಕ್ಕರೂ ನಿನ್ನ ಪುಕ್ಕಟೆ ಪಾಲು ಎರಡರಿಂದ ನಾಲ್ಕಕ್ಕೆ ಏರುತ್ತದೆ.

ಒಮ್ಮೆ ಇಟ್ಟ ಫೀಸನ್ನು ಕದಲಿಸಲು ಹೆದರಿ ವರ್ಷಗಟ್ಟಲೆ ಹಾಗೇ ಬಿಡುವವರೂ, ನೋಡಿ ನೋಡಿ ಮನೆಗೊಂದು ಹೇಳುವವರೂ ಇದ್ದಾರೆ. ನಮ್ಮ ರಾಜ್ಯದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಪರಿಷ್ಕರಣೆಯಾಗುತ್ತದೆ. ನಿನ್ನ ಬೀದಿಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಸಂಬಳ ಏರುವುದು ಆವಾಗ. ನೀನೂ ಅದೇ ದಿನ ವರ್ಷದ ಲೆಕ್ಕದ ಪುಸ್ತಕ ತೆರೆದು ಮೂರು ಅಂಕಿ ನೋಡು: ಎಷ್ಟು ತಾಯಂದಿರನ್ನು ನೋಡಿದೆ, ಎಷ್ಟು ಜನ ಎರಡನೇ ಭೇಟಿಯವರೆಗೆ ಉಳಿದರು, ಅರ್ಧ ಕೊಟ್ಟವರಲ್ಲಿ ಉಳಿದವರೆಷ್ಟು. ಅರ್ಧ ಕೊಟ್ಟವರು ಎರಡನೇ ಭೇಟಿಗೆ ಸಿಗದೆ ಹೋಗುತ್ತಿದ್ದರೆ ತೊಂದರೆ ಫೀಸಿನಲ್ಲಿದೆಯೇ, ನೀನು ಅವರಿಗೆ ಕೊಟ್ಟ ಗಮನದಲ್ಲಿದೆಯೇ ಎಂದು ಅಲ್ಲಿಂದ ಹುಡುಕು. ಏರಿಸಬೇಕೆಂದಾದರೆ ತಿಂಗಳು ಮುಂಚೆ ತಿಳಿಸು. ಮಾರ್ಚಿನಲ್ಲಿ ಶುರುವಾದ ತಾಯಿಗೆ ಏಪ್ರಿಲಿನ ಭೇಟಿಗೂ ಹಳೆಯ ಫೀಸೇ ಇರಲಿ.

ಇಂತಿ,
ನಿನ್ನ ಅಕ್ಕ